ಷರಾ ಕಾಲಮಿನಲ್ಲಿ ಹಿಡಿಸದ ಸೂಜಿ

ಮೊದಲು ಕ್ಷಮೆ ಕೇಳಿಬಿಡುತ್ತೇನೆ. ಕಥೆ ಹೇಳುವುದು ನನ್ನ ಕಸುಬಲ್ಲ. ಮರೆವಿನ ಕಾಯಿಲೆ ಬಂದವರನ್ನು ಇಟ್ಟುಕೊಂಡು ನೋಡಿಕೊಳ್ಳುವ ಆರೈಕೆ ಮನೆಗಳಿಗೆ ಮುನ್ಸೂಚನೆ ಕೊಡದೆ ಹೋಗುವುದು, ಅರವತ್ತೆರಡು ಪ್ರಶ್ನೆಗಳ ನಮೂನೆ ತುಂಬುವುದು, ಹಸಿರೋ ಹಳದಿಯೋ ಕೆಂಪೋ ದರ್ಜೆ ಹಾಕಿ ಬರುವುದು, ಇಷ್ಟು ನನ್ನ ಕಸುಬು. ನಮೂನೆಯ ಕೊನೆಯಲ್ಲಿ ‘ಷರಾ’ ಎಂಬ ಕಾಲಂ ಇದೆ. ಅಲ್ಲಿ ಇನ್ನೂರು ಅಕ್ಷರ ಬರೆಯಬಹುದು. ಇನ್ನೂರ ಒಂದನೆಯದನ್ನು ಒತ್ತಿದರೆ ಟ್ಯಾಬ್ಲೆಟ್ಟು ಟುಂಯ್ ಎನ್ನುತ್ತದೆ. ಈ ವಾರ ಖಾಲಿ ನಮೂನೆಯೊಂದರಲ್ಲಿ ಬರೆದು ನೋಡಿದಾಗ ಅದು ಹನ್ನೊಂದು ಸಲ ಟುಂಯ್ ಎಂದಿತು. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ಓದುವವರು ದೊಡ್ಡ ಮನಸ್ಸು ಮಾಡಬೇಕು. ಮಾಡದಿದ್ದರೂ ಬರೆಯುತ್ತೇನೆ.

1

ಹೇಗೆ ಶುರು ಮಾಡಬೇಕು? ಸಂಜೆ ಕಾಲೇಜಿನಲ್ಲಿ ನಮಗೆ ಪಾಠ ಮಾಡಿದ ಮೇಷ್ಟ್ರು, ಹಗಲೆಲ್ಲ ದುಡಿದು ಬಂದು ತೂಕಡಿಸುತ್ತಿದ್ದ ನಮ್ಮ ಮುಂದೆ ಮೇಜು ಕುಟ್ಟಿ, "ಕಥೆಗೆ ಆದಿ, ಮಧ್ಯ, ಅಂತ್ಯ ಅಂತ ಮೂರು ಇರ್ಲೇಬೇಕು" ಎನ್ನುತ್ತಿದ್ದರು. ಅವರ ಮೇಲಿನ ಗೌರವಕ್ಕೆ ಮೊದಲ ಕರಡನ್ನು ಹೀಗೆ ಶುರು ಮಾಡಿದೆ:

‘ಕಿಟಕಿಯಾಚೆ ಬೂದು ಆಕಾಶ. ಆ ಮುದುಕನ ಕಣ್ಣುಗಳಲ್ಲಿ ಕಳೆದುಹೋದ ನೆನಪುಗಳ ನೆರಳು...’

ಹರಿದು ಹಾಕಿದೆ. (ಆಕಾಶ ಬೂದಾಗಿರಲಿಲ್ಲ, ಚೆನ್ನಾಗಿ ಬಿಸಿಲಿತ್ತು. ಆ ಹಿರಿಯರ ಕಣ್ಣಿನಲ್ಲಿ ನನಗೆ ಯಾವ ನೆರಳೂ ಕಾಣಲಿಲ್ಲ. ಕಂಡದ್ದು ನನ್ನ ತೋಳಿನ ಗುಂಡಿಯ ಬಗ್ಗೆ ಅವರಿಗಿದ್ದ ಅಸಹ್ಯ.)

ಎರಡನೇ ಕರಡು: ‘ಒಬ್ಬ ಹೆಂಗಸಿನ ಕೆಲಸ ಹೋಗುವುದರಲ್ಲಿದೆ. ಅದಕ್ಕೆ ಕಾರಣ ನಾನು.’ ಇದು ನಿಜ. ಆದರೆ ಎರಡೇ ಸಾಲಿನಲ್ಲಿ ನಿಜ ಹೇಳಿ ಮುಗಿಸಿದರೆ ಮೇಷ್ಟ್ರ ಮಧ್ಯಕ್ಕೆ ಎಲ್ಲಿಗೆ ಹೋಗಲಿ? ಇರಲಿ. ಬರೆದಾಯಿತು, ಅಳಿಸುವುದಿಲ್ಲ.

2

ಸೋಮವಾರ. ಮೂರಂತಸ್ತಿನ ಕಟ್ಟಡ, ಇಪ್ಪತ್ತಾರು ನಿವಾಸಿಗಳು. ಪ್ರತಿ ಮಹಡಿಯ ಹೊರಬಾಗಿಲಿನ ಒಳಮೈಗೆ ಪುಸ್ತಕದ ಕಪಾಟಿನ ಚಿತ್ರ ಅಂಟಿಸಿದ್ದಾರೆ, ಅದು ಬಾಗಿಲೆಂದು ಗೊತ್ತಾದರೆ ಯಾರಾದರೂ ಮನೆಗೆ ಹೊರಟುಬಿಡುತ್ತಾರೆ (ಎರಡು ಅಂಕ). ಶೌಚಾಲಯದ ಸೀಟು ಕೆಂಪು, ಬಿಳಿ ಗೋಡೆಯ ಮುಂದೆ ಎದ್ದು ಕಾಣಲೆಂದು (ಒಂದು ಅಂಕ). ಕೋಣೆಗಳ ಬಾಗಿಲಿಗೆ ಒಳಗಿರುವವರ ಹರೆಯದ ಫೋಟೋ, ಏಕೆಂದರೆ ಈಗಿನ ಮುಖ ತಮ್ಮದೆಂದು ಅವರು ಒಪ್ಪುವುದಿಲ್ಲ (ಎರಡು ಅಂಕ). ಗೋಡೆಯ ಹಲಗೆಯ ಮೇಲೆ ಅಂದಿನ ತಾರೀಖು ಸರಿಯಾಗಿದೆ (ಒಂದು ಅಂಕ. ಫೋನ್ ತೆಗೆದು ಖಾತ್ರಿ ಮಾಡಿಕೊಂಡೆ, ನನಗೂ ನೆನಪಿರಲಿಲ್ಲ). ಮೂತ್ರದ ವಾಸನೆ ಇಲ್ಲ. ಅದನ್ನು ಮುಚ್ಚಿಡುವ ಫಿನಾಯಿಲಿನ ವಾಸನೆಯೂ ಇಲ್ಲ. ಇದಕ್ಕೆ ನಮೂನೆಯಲ್ಲಿ ಅಂಕವಿಲ್ಲ. ಇರಬೇಕಿತ್ತು.

ಹನ್ನೊಂದು ಗಂಟೆಗೆ ಎರಡನೇ ಮಹಡಿ ಹತ್ತಿದಾಗ ಹಸಿರು ದರ್ಜೆ ಬಹುತೇಕ ಸಿಕ್ಕ ಹಾಗೇ ಇತ್ತು. ಅಲ್ಲಿ ಕಿಟಕಿಯ ಪಕ್ಕ ಒಬ್ಬ ಹಿರಿಯರು ಕುಳಿತು ಅಂಗಿಗೆ ಗುಂಡಿ ಹೊಲಿಯುತ್ತಿದ್ದರು. ನಿಜವಾದ ಸೂಜಿಯಿಂದ.

31

(ಮೂರರ ಬದಲು ಮೂವತ್ತೊಂದು ಬಂದದ್ದು ಅಚ್ಚಿನ ತಪ್ಪಲ್ಲ.) ಪ್ರಶ್ನೆ ಮೂವತ್ತೊಂದು: ‘ಚೂಪಾದ ವಸ್ತುಗಳು ನಿವಾಸಿಗಳ ಕೈಗೆ ಸಿಗದಂತೆ ಬೀಗದೊಳಗಿವೆಯೇ? ಹೌದು / ಇಲ್ಲ.’ ಉಳಿದ ಅರವತ್ತೊಂದಕ್ಕೂ ಪೂರ್ತಿ ಅಂಕ ಬಂದು, ಇದೊಂದಕ್ಕೆ ‘ಇಲ್ಲ’ ಬಿದ್ದರೆ ದರ್ಜೆ ಕೆಂಪು. ಕೆಂಪು ಬಿದ್ದರೆ ಆ ಮಹಡಿಯ ಜವಾಬ್ದಾರಿ ಹೊತ್ತವರ ಮೇಲೆ ವಿಚಾರಣೆ.

ಆ ಮಹಡಿಯ ಜವಾಬ್ದಾರಿ ಹೊತ್ತವರನ್ನು ಅಲ್ಲಿ ಎಲ್ಲರೂ ಚಿಕ್ಕಮ್ಮ ಎನ್ನುತ್ತಾರೆ, ಆಕೆಗಿಂತ ಮೂವತ್ತು ವರ್ಷ ದೊಡ್ಡವರು ಕೂಡ.

"ಇದು ಸೂಜಿ ಅಲ್ವಾ?" ಎಂದೆ. (ಎಂಥ ಪ್ರಶ್ನೆ.)

"ಸೂಜಿನೇ ಮೇಡಂ."

"ಇವ್ರ ಕೈಗೆ ಯಾರು ಕೊಟ್ಟಿದ್ದು?"

"ನಾನೇ. ನೀವು ಬರೋದು ಗೊತ್ತಿದ್ರೆ ಎತ್ತಿಟ್ಟಿರ್ತಿದ್ದೆ. ಈಗ ಕಂಡಾಯ್ತಲ್ಲ, ಬರ್ಕೊಳ್ಳಿ."

ಬರೆದುಕೊಳ್ಳಲು ಪೆನ್ನು ತೆಗೆದೆ. ಆಕೆ ಹೇಳುತ್ತಲೇ ಹೋದರು. ಈ ಹಿರಿಯರು ಐವತ್ತು ವರ್ಷ ಟೈಲರ್ ಅಂಗಡಿ ನಡೆಸಿದವರು. ಎಲ್ಲರಿಗೂ ಇವರು ಟೈಲರಪ್ಪ. ಸ್ವಂತ ಮಗಳನ್ನು ಗಿರಾಕಿ ಎಂದುಕೊಂಡಿದ್ದಾರೆ. ಆಕೆ ಪ್ರತಿ ಭಾನುವಾರ ಬಂದು ಅಳತೆ ಕೊಟ್ಟು ಹೋಗುತ್ತಾಳೆ.

"ಬಂದ ಹೊಸದ್ರಲ್ಲಿ ದಿನಾ ಬಾಗ್ಲು ಬಡಿತಿದ್ರು. ಅಂಗಡಿ ತೆಗೀಬೇಕು, ಜನ ಕಾಯ್ತಾ ಇದಾರೆ ಅಂತ. ಮಾತ್ರೆ ಕೊಟ್ಟು ಮಲಗ್ಸಿ ಅಂದ್ರು ಡಾಕ್ಟ್ರು. ನಾನು ಗುಂಡಿ ಕಿತ್ತು ಹಾಕಿ ಒಂದು ಅಂಗಿ ಕೊಟ್ಟೆ. ಅವತ್ತಿಂದ ಬಾಗ್ಲ ಹತ್ರ ಹೋಗಿಲ್ಲ."

ಒಟ್ಟು ಹನ್ನೊಂದು ಅಂಗಿಗಳು, ಯಾರೂ ತೊಡದವು. ಬೆಳಿಗ್ಗೆ ಟೈಲರಪ್ಪ ಅವಕ್ಕೆಲ್ಲ ಗುಂಡಿ ಹೊಲಿಯುತ್ತಾರೆ. ಮಧ್ಯಾಹ್ನ ಅವರು ಮಲಗಿದಾಗ ಚಿಕ್ಕಮ್ಮ ಅಷ್ಟೂ ಗುಂಡಿಗಳನ್ನು ಬಿಚ್ಚಿ ಡಬ್ಬಿಗೆ ಹಾಕುತ್ತಾರೆ. ಮರುದಿನ ಅವೇ ಅಂಗಿಗಳು, ಹೊಸ ಗಿರಾಕಿಗಳು. ಎರಡು ವರ್ಷದಿಂದ ಹೀಗೇ. ಗುಂಡಿಯ ಜಾಗದ ಬಟ್ಟೆ ಜರಡಿಯಾಗಿ, ಹಿಂದಿನಿಂದ ತೇಪೆ ಹಾಕಿದ್ದರು. ಸೂಜಿಗಳಿಗೆ ಒಂದು ಕೆಂಪು ಫ್ಲಾನೆಲ್ ಪಟ್ಟಿ, ಅದರ ಮೇಲೆ ಶಾಯಿಯಲ್ಲಿ ಒಂದರಿಂದ ಆರರವರೆಗೆ ಅಂಕಿ, ಒಂದೊಂದು ಅಂಕಿಗೆ ಒಂದೊಂದು ಸೂಜಿ. ಶುರು ಮಾಡುವಾಗ ಒಮ್ಮೆ, ಮುಗಿಸುವಾಗ ಒಮ್ಮೆ ಇಬ್ಬರೂ ಗಟ್ಟಿಯಾಗಿ ಎಣಿಸುತ್ತಾರೆ. ಮಗಳ ಹೆಸರು ಮರೆತವರಿಗೆ ಸೂಜಿಯ ಲೆಕ್ಕ ಒಂದು ದಿನವೂ ತಪ್ಪಿಲ್ಲವಂತೆ.

ನಾನು ನಮೂನೆಯಲ್ಲಿ ಇದಕ್ಕೆ ಜಾಗ ಹುಡುಕಿದೆ. ಮೂವತ್ತೊಂದರ ಮುಂದೆ ಎರಡೇ ಚೌಕಗಳಿದ್ದವು.

4

"ಯಾರಮ್ಮ ಇದನ್ನ ಹೊಲ್ದಿದ್ದು?"

ಟೈಲರಪ್ಪ ನೋಡುತ್ತಿದ್ದುದು ನನ್ನ ಕಚೇರಿಯ ನೀಲಿ ಕೋಟಿನ ತೋಳನ್ನು. ಅಲ್ಲಿನ ಗುಂಡಿ ಒಂದೆಳೆ ದಾರದಲ್ಲಿ ನೇತಾಡುತ್ತಿತ್ತು.

"ನಾನೇ," ಎಂದೆ.

"ಕೈ ಇದ್ಯೋ, ಹಾಗೇ ತೋಳು ಮಾತ್ರ ಇಟ್ಕೊಂಡಿದೀಯೋ? ಬಾ ಇಲ್ಲಿ."

ಹೋದೆ. ನನ್ನ ಮೇಲಧಿಕಾರಿ ಕರೆದರೂ ಅಷ್ಟು ಬೇಗ ಹೋಗಿರಲಾರೆ. ಕೋಟು ಬಿಚ್ಚಿಸಿ ತೊಡೆಯ ಮೇಲೆ ಹಾಸಿಕೊಂಡರು. ಹಳೆಯ ದಾರ ಕಿತ್ತರು, ಹೊಸ ನೀಲಿ ದಾರ ಪೋಣಿಸಿದರು, ಗುಂಡಿಯ ಕೆಳಗೆ ಬೆಂಕಿಕಡ್ಡಿಯಷ್ಟು ಸಂದು ಬಿಟ್ಟು ನಾಲ್ಕು ಸುತ್ತು ಹಾಕಿದರು. ಹಲ್ಲಿಲ್ಲದ ಬಾಯಲ್ಲಿ ದಾರ ಕಡಿಯಲು ನೋಡಿ, ಆಗದೆ, ಅದಕ್ಕೂ ನನ್ನನ್ನೇ ದುರುಗುಟ್ಟಿಕೊಂಡು ನೋಡಿ, ಬೆರಳಿಗೆ ಸುತ್ತಿ ಎಳೆದು ತುಂಡರಿಸಿದರು. ನಂತರ ಕೋಟು ಕೊಡವಿ ನನಗೆ ತೊಡಿಸಿ, ಭುಜದ ಮೇಲೆ ಎರಡು ಸಲ ತಟ್ಟಿದರು. "ಬುಧವಾರ ಬಾ. ಟ್ರಯಲ್ ನೋಡೋಣ."

ಹನ್ನೊಂದೂ ಅಂಗಿ ಮುಗಿದ ಮೇಲೆ, ಕೊನೆಯ ಎಣಿಕೆಗೆ, ಚಿಕ್ಕಮ್ಮ ಫ್ಲಾನೆಲ್ ಪಟ್ಟಿ ಬಿಡಿಸಿದರು. ಇಬ್ಬರೂ ಎಣಿಸಿದರು. ಒಂದು, ಎರಡು, ಮೂರು, ನಾಲ್ಕು, ಐದು.

ಐದಕ್ಕೆ ನಿಂತಿತು.

4 (ಮತ್ತೆ, ಏಕೆಂದರೆ ಇದನ್ನು ಬೇಗ ದಾಟಿಬಿಡಲು ನನಗೇ ಆಸೆಯಾಗುತ್ತಿದೆ)

ಚಿಕ್ಕಮ್ಮ ಕಪಾಟಿನಿಂದ ಹಗ್ಗ ಕಟ್ಟಿದ ಒಂದು ಅಯಸ್ಕಾಂತ ತೆಗೆದರು. ಕೆಟ್ಟ ಸ್ಪೀಕರಿನಿಂದ ಕಿತ್ತದ್ದು, ಅಂಗೈಯಗಲ. ಮೊದಲು ಪಕ್ಕದ ಕುರ್ಚಿಯ ಅಜ್ಜಿಯ ಬಳಿ ಹೋದರು. ಆ ಅಜ್ಜಿ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕಿಕೊಳ್ಳುವವರು. "ಆ ಅನ್ನಿ ಅಜ್ಜಿ, ದೊಡ್ಡದಾಗಿ ಆ ಅನ್ನಿ" ಎಂದು ಬಾಯೊಳಗೆ ಬೆರಳಾಡಿಸಿ ನೋಡಿದರು. ಅಜ್ಜಿ ಕಚ್ಚಿದರು. ಕಚ್ಚಿಸಿಕೊಂಡೇ ನೋಡಿದರು. ಆಮೇಲೆ ಅಯಸ್ಕಾಂತ ನೆಲದ ಮೇಲೆ ಹೋಯಿತು. ಹಾಸಿಗೆ, ದಿಂಬು, ಟೈಲರಪ್ಪನ ಜೇಬು, ಅಜ್ಜಿಯ ಚಪ್ಪಲಿ, ಹನ್ನೊಂದು ಅಂಗಿ, ಕಸದ ಬುಟ್ಟಿ, ಚಿಕ್ಕಮ್ಮನ ಸ್ವಂತ ಬಟ್ಟೆ, ಒಂದನ್ನೂ ಬಿಡಲಿಲ್ಲ. ನನ್ನ ಕುರ್ಚಿಯ ಹತ್ತಿರ ಬಂದಾಗ "ಸ್ವಲ್ಪ ಏಳ್ತೀರಾ ಮೇಡಂ" ಎಂದರು. ಎದ್ದೆ. ಕುರ್ಚಿಯ ಕೆಳಗೆ ನೋಡಿದರು. "ಸಾರಿ ಮೇಡಂ" ಎಂದರು. ಕೂತೆ.

ನನ್ನ ಮೇಲೆ ಯಾರೂ ಅಯಸ್ಕಾಂತ ಆಡಿಸಲಿಲ್ಲ. ಪರಿಶೀಲನೆಗೆ ಬಂದವಳನ್ನು ಯಾರು ಪರಿಶೀಲಿಸುತ್ತಾರೆ? ನನಗೂ ಹೊಳೆಯಲಿಲ್ಲ. ಗೌರವದಿಂದ ಬಿಟ್ಟರು, ಗೌರವ ತೆಗೆದುಕೊಂಡು ಕೂತೆ.

ಮಧ್ಯಾಹ್ನ ನಾಲ್ಕಕ್ಕೆ ಮೂವತ್ತೊಂದರ ಮುಂದೆ ‘ಇಲ್ಲ’ ಒತ್ತಿದೆ. ಷರಾದಲ್ಲಿ ಬರೆದೆ: ‘ಒಂದು ಸೂಜಿ ಕಾಣೆ. ಸಿಬ್ಬಂದಿಯ ನಿರ್ಲಕ್ಷ್ಯ.’ ಟುಂಯ್ ಎನ್ನಲಿಲ್ಲ. ಸುಳ್ಳಿಗೆ ಅಲ್ಲಿ ಬೇಕಾದಷ್ಟು ಜಾಗವಿದೆ. (ಆಗ ಅದು ಸುಳ್ಳೆಂದು ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದೆಯೂ ಎಷ್ಟು ಧೈರ್ಯವಾಗಿ ಬರೆದೆ ನೋಡಿ.)

ಮನೆಗೆ ಬಂದು ಕೋಟು ಬಿಚ್ಚಿ ಮೊಳೆಗೆ ಹಾಕುವಾಗ ಕತ್ತಿನ ಹತ್ತಿರ ಏನೋ ಚುಚ್ಚಿತು. ಕಾಲರಿನ ಮಡಿಕೆಯ ಒಳಗೆ, ನೇರವಾಗಿ, ಅಂದವಾಗಿ, ಗೇಣುದ್ದ ನೀಲಿ ದಾರದ ಸಮೇತ, ಆರನೇ ಸೂಜಿ. ಟೈಲರುಗಳು ಸೂಜಿಯನ್ನು ತಮ್ಮ ಕಾಲರಿಗೆ ಸಿಕ್ಕಿಸಿಕೊಳ್ಳುವ ಹಾಗೆ.

5

ಮಂಗಳವಾರ ಮೇಲಧಿಕಾರಿಯ ಮುಂದೆ ನಿಂತು ಸೂಜಿ ತೋರಿಸಿದೆ.

"ಸಂತೋಷ," ಎಂದರು. "ಈಗೇನು?"

"ವರದಿ ತಿದ್ದಬೇಕು ಸಾರ್. ಸೂಜಿ ಕಾಣೆಯಾಗಿರ್ಲಿಲ್ಲ. ನನ್ನ ಮೈಮೇಲೇ ಇತ್ತು."

"ಅಲ್ಲಮ್ಮ, ಸೂಜಿ ಬೀಗದೊಳಗಿತ್ತಾ?"

"ಇಲ್ಲ."

"ನಿವಾಸಿಯ ಕೈಯಲ್ಲಿತ್ತಾ?"

"ಇತ್ತು."

"ಮತ್ತೆ ಮೂವತ್ತೊಂದಕ್ಕೆ ಉತ್ತರ ಏನು?"

ಅವರು ಕೆಟ್ಟವರಲ್ಲ. ಈ ಕಥೆಗೆ ಒಬ್ಬ ಕೆಟ್ಟವರು ಸಿಕ್ಕಿದ್ದರೆ ನನಗೆ ಎಷ್ಟು ಅನುಕೂಲವಾಗುತ್ತಿತ್ತು.

"ಆದ್ರೆ ನಿರ್ಲಕ್ಷ್ಯ ಅಂತ ಬರೆದಿದೀನಿ ಸಾರ್. ಅದು ನನ್ನ ತಪ್ಪು. ಆ ಚಿಕ್ಕಮ್ಮನ್ನ ಮನೆಗೆ ಕಳಿಸಿದಾರೆ."

"ಸೋಮವಾರ ವಿಚಾರಣೆ ಇದೆ, ಸಮಿತಿ ನೋಡ್ಕೊಳ್ಳತ್ತೆ. ಒಮ್ಮೆ ಕಳಿಸಿದ ವರದಿ ತೆರ್ಯೋದಿಲ್ಲ. ಸೂಜಿನ ಕವರಲ್ಲಿ ಹಾಕಿ ಸೀಲ್ ಮಾಡಿ ಕೊಡಿ."

ಇಲ್ಲಿ ಮೂರನೇ ಕರಡಿನಲ್ಲಿ ನಾನು ಮೇಜು ಕುಟ್ಟಿ, ‘ಹಾಗಾದರೆ ನಿಮ್ಮ ಪ್ರಶ್ನೆಯೇ ತಪ್ಪು’ ಎಂದು ಗುಡುಗಿ, ಬಾಗಿಲನ್ನು ಧಡ್ ಎಂದು ಹಾಕಿಕೊಂಡು ಹೊರಬಂದಿದ್ದೇನೆ. ಓದಲು ಬಹಳ ಚೆನ್ನಾಗಿದೆ. ನಿಜದಲ್ಲಿ, "ಆಯ್ತು ಸಾರ್" ಎಂದು ಬಾಗಿಲನ್ನು ಮೆಲ್ಲನೆ ಮುಚ್ಚಿದೆ. ಕವರು ಮಾತ್ರ ಕೊಡಲಿಲ್ಲ. ಸೂಜಿ ಕಾಲರಿನಲ್ಲೇ ಇದೆ. ಇದು ನನ್ನ ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಮೊದಲ ಅವಿಧೇಯತೆ.

6

ಬುಧವಾರ ಟ್ರಯಲ್‌ಗೆ ಹೋದೆ. (ಕಚೇರಿಯಲ್ಲಿ ಅರ್ಧ ದಿನ ರಜೆ ಹಾಕಿದೆ. ಕಾರಣ: ‘ಟೈಲರ್’. ಅದು ಸುಳ್ಳಲ್ಲ.)

ಹೊಸ ಸಹಾಯಕಿ ಟೈಲರಪ್ಪನಿಗೆ ಬಟ್ಟೆಯ ಪುಸ್ತಕ ಕೊಟ್ಟಿದ್ದಳು. ಅದರಲ್ಲಿ ಅಂಟಿಸಿ ಕೀಳುವ ದೊಡ್ಡ ದೊಡ್ಡ ಗುಂಡಿಗಳು, ಒಂದು ಕೆಂಪು, ಒಂದು ಹಳದಿ. ನಮ್ಮ ನಮೂನೆಯಲ್ಲಿ ಅದಕ್ಕೆ ಮೂರು ಅಂಕವಿದೆ, ‘ಸುರಕ್ಷಿತ ಚಟುವಟಿಕೆ’ ಎಂದು. ಪುಸ್ತಕ ನೆಲದ ಮೇಲೆ ಬಿದ್ದಿತ್ತು. ಟೈಲರಪ್ಪ ಊಟದ ಮೇಜಿನ ಸುತ್ತ ಓಡಾಡುತ್ತಿದ್ದರು. ಕೂತಿದ್ದ ಗಂಡಸರ ಅಂಗಿಗಳಲ್ಲಿ ಒಂದಕ್ಕೂ ಗುಂಡಿ ಇರಲಿಲ್ಲ. ಒಬ್ಬೊಬ್ಬರ ಎದೆಗೆ ಕೈ ಹಾಕಿ ಕಿತ್ತು ಜೇಬಿಗೆ ತುಂಬಿಕೊಂಡಿದ್ದರು.

"ಏನಪ್ಪಾ ಇದು?" ಎಂದೆ.

"ಕೆಲ್ಸ ಇಲ್ಲದೆ ಅಂಗಡಿ ಮುಚ್ಚೋಕಾಗತ್ತಾ?" ಎಂದು ಜೇಬು ಕುಲುಕಿದರು. ಗುಂಡಿಗಳು ಗಲಗಲ ಎಂದವು. "ನಾನೇ ಮಾಡ್ಕೊಂಡೆ ಕೆಲ್ಸಾನ. ಸೂಜಿ ಎಲ್ಲಿ?"

ನನ್ನ ಕತ್ತಿನಿಂದ ಎರಡು ಅಂಗುಲ ದೂರದಲ್ಲಿತ್ತು.

ಕೊಟ್ಟೆನೆಂದು ನಾಲ್ಕನೇ ಕರಡಿನಲ್ಲಿ ಬರೆದಿದ್ದೇನೆ. ಆ ಕರಡಿನಲ್ಲಿ ಬಿಸಿಲೂ ಸ್ವಲ್ಪ ಜಾಸ್ತಿಯಿದೆ. ನಿಜದಲ್ಲಿ ಕೊಡಲಿಲ್ಲ. ಪಕ್ಕದ ಕುರ್ಚಿಯ ಅಜ್ಜಿ ಬಟ್ಟೆಯ ಪುಸ್ತಕದ ಮೂಲೆ ಬಾಯಲ್ಲಿಟ್ಟುಕೊಂಡು ಜಗಿಯುತ್ತಿದ್ದರು. ನನಗೆ ಭಯವಾಯಿತು. "ನಾಳೆ ತರ್ತೀನಿ" ಎಂದೆ.

"ಎಲ್ರೂ ಹಿಂಗೇ ಹೇಳ್ತಾರೆ," ಎಂದರು ಟೈಲರಪ್ಪ. ಮರೆವಿನ ಕಾಯಿಲೆ ಯಾರಿಗೆ ಎಂದು ಆ ಕ್ಷಣ ನನಗೆ ಸಂದೇಹ ಬಂತು.

ನನ್ನ ಹಿಂದೆಯೇ ಅವರು ಬಾಗಿಲವರೆಗೆ ಬಂದರು. ಪುಸ್ತಕದ ಕಪಾಟಿನ ಚಿತ್ರವನ್ನು ಅಂಗೈಯಿಂದ ಬಡಿಯುವ ಸದ್ದು ಮೆಟ್ಟಿಲಿಳಿದು ಬೀದಿಗೆ ಬರುವ ತನಕ ಕೇಳಿಸುತ್ತಿತ್ತು. ಎರಡು ವರ್ಷದಿಂದ ಅವರು ಬಾಗಿಲು ಬಡಿದಿರಲಿಲ್ಲ.

7

ಗುರುವಾರ ಸಂಜೆ ಚಿಕ್ಕಮ್ಮನ ಮನೆ ಹುಡುಕಿಕೊಂಡು ಹೋದೆ. ಮೊದಲು ಸೂಜಿ ತೋರಿಸಿದೆ. ಆಕೆ ಅದನ್ನು ಬೆಳಕಿಗೆ ಹಿಡಿದು, "ಆರನೇದೇ. ಕಣ್ಣು ಸ್ವಲ್ಪ ಸೊಟ್ಟ" ಎಂದರು. ಒಂದು ಮಾತು ಬೈಯಲಿಲ್ಲ. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು. ಅದು ಗೊತ್ತಿದ್ದೇ ಬೈಯಲಿಲ್ಲವೇನೋ.

ಆಮೇಲೆ, ಈವರೆಗೆ ನೀವು ಓದಿದ್ದನ್ನು ಓದಿ ಹೇಳಿದೆ. ಸಮಿತಿಯ ಮುಂದೆ ಇದನ್ನೇ ಓದುತ್ತೇನೆ ಎಂದೆ.

"ನಾನು ಇಷ್ಟು ಒಳ್ಳೆಯವಳಲ್ಲ," ಎಂದರು.

"ನೋಡಿದ್ದನ್ನೇ ಬರ್ದಿದೀನಿ."

"ನೋಡದೇ ಇದ್ದಿದ್ದು? ನನ್ನ ಲೆಕ್ಕದಲ್ಲಿ ಇನ್ನೊಂದು ಎಣಿಕೆ ಇದೆ ಮೇಡಂ. ಶುರೂಲೊಂದು, ಕೊನೇಲೊಂದು ಅಲ್ಲದೆ, ಒಂದೊಂದು ಅಂಗಿ ಮುಗಿದಾಗ್ಲೂ ಎಣಿಸ್ಬೇಕು. ನಾನೇ ಮಾಡ್ಕೊಂಡಿದ್ದ ನಿಯಮ. ಅವತ್ತು ನಿಮ್ಮ ಕೋಟು ಆದ್ಮೇಲೆ ಎಣಿಸ್ಲಿಲ್ಲ. ನಾನು ಅಲ್ಲಿ ಇರ್ಲೇ ಇಲ್ಲ."

"ಎಲ್ಲಿದ್ರಿ?"

"ಅಡುಗೆಮನೇಲಿ. ನಿಮಗೆ ಟೀ ಮಾಡ್ಸೋಕೆ. ಬಂದೋರು ದೊಡ್ಡೋರು, ಬರೀ ಬಾಯಲ್ಲಿ ಕಳಿಸೋದು ಹೇಗೆ ಅಂತ."

ಟೀ ಕುಡಿದದ್ದು ನನಗೆ ನೆನಪಿದೆ. ಟೀ ಕಪ್ಪನ್ನು ಬಸಿಯ ಮೇಲಿಟ್ಟು ಕೊಟ್ಟಿದ್ದರು. ಬಸಿಯ ಮೇಲಿದ್ದದ್ದಕ್ಕೆ ನನಗೆ ಸಂತೋಷವಾಗಿತ್ತು.

"ಏಳು ನಿಮಿಷ," ಎಂದರು ಚಿಕ್ಕಮ್ಮ. "ಅದನ್ನೂ ಹಾಕಿ."

"ಅದನ್ನ ಹಾಕಿದ್ರೆ ಸಮಿತಿ ನಿಮ್ಮನ್ನ ಹರಿದು ಹಾಕತ್ತೆ. ಕಥೆಗೆ ಅದು ಬೇಕಾಗಿಲ್ಲ."

"ಕಥೆ ನಿಮ್ದು. ಏಳು ನಿಮಿಷ ನಂದು."

"ನನ್ನ ಮಾತು ಕೇಳಿ. ಕೆಲ್ಸ ಉಳೀಬೇಕು ಅಂದ್ರೆ..."

"ಸುಳ್ಳು ಹೇಳಿ ಉಳಿಸ್ಕೊಂಡ್ರೆ ನಾಳೆ ಸೂಜಿ ಎಣಿಸುವಾಗ ನನ್ನ ಮೇಲೆ ನನಗೇ ನಂಬಿಕೆ ಇರತ್ತಾ? ನೀವು ಬರೀದಿದ್ರೆ ನಾನೇ ಎದ್ದು ನಿಂತು ಹೇಳ್ತೀನಿ. ಆಮೇಲೆ ಅವ್ರ ಕೈಗೆ ಸೂಜಿ ವಾಪಸ್ ಕೊಡಿ ಅಂತಾನೂ ಹೇಳ್ತೀನಿ. ಎರಡನ್ನೂ ಹೇಳ್ತೀನಿ. ಅವ್ರು ಒಂದನ್ನ ಮಾತ್ರ ಕೇಳಿಸ್ಕೊಂಡ್ರೆ ಅದು ಅವ್ರ ಕಿವಿ ತಪ್ಪು."

ಹೀಗಾಗಿ ಏಳು ನಿಮಿಷ ಇಲ್ಲಿದೆ. ಹಾಕಿಸಿದವರು ಆಕೆ. ಈ ಕಥೆಯಲ್ಲಿ ನಾನು ಒಪ್ಪದೆ ಬರೆದ ಪುಟ ಇದೊಂದೇ, ಮತ್ತು ಇದೊಂದರ ಬಗ್ಗೆ ಮಾತ್ರ ನನಗೆ ಅನುಮಾನವಿಲ್ಲ.

8

ಇಂದು ಶನಿವಾರ. ಅಂತ್ಯ ಕೇಳುವವರಿಗಾಗಿ ಮೂರು ಅಂತ್ಯಗಳನ್ನು ತಯಾರಿಸಿದ್ದೇನೆ.

ಒಂದು: ಸಮಿತಿಯವರು ಕಣ್ಣೊರೆಸಿಕೊಳ್ಳುತ್ತಾರೆ. ಅಧ್ಯಕ್ಷರ ಕೋಟಿನ ಗುಂಡಿ ಸಡಿಲವಾಗಿರುತ್ತದೆ. ಎಲ್ಲರೂ ಟೈಲರಪ್ಪನ ಬಳಿ ಹೋಗುತ್ತಾರೆ. (ಮೇಷ್ಟ್ರಿಗೆ ಇಷ್ಟವಾಗುತ್ತದೆ. ನನಗೆ ಹಲ್ಲುನೋವು ಬರುತ್ತದೆ.)

ಎರಡು: ಚಿಕ್ಕಮ್ಮನ ಕೆಲಸ ಹೋಗುತ್ತದೆ, ನನ್ನದೂ ಹೋಗುತ್ತದೆ, ಆರೈಕೆ ಮನೆಗೆ ಮುಂದಿನ ವರ್ಷ ಹಸಿರು ದರ್ಜೆ ಬರುತ್ತದೆ. ಬಾಗಿಲು ಬಡಿಯುವ ಸದ್ದಿಗೆ ನಮೂನೆಯಲ್ಲಿ ಪ್ರಶ್ನೆಯಿಲ್ಲ. (ಇದು ಆಗುವ ಸಂಭವ ಹೆಚ್ಚು. ಆದ್ದರಿಂದಲೇ ಇದನ್ನು ಬರೆದು ಸಮಿತಿಯ ಕೆಲಸ ಹಗುರ ಮಾಡುವುದಿಲ್ಲ.)

ಮೂರನೆಯದರಲ್ಲಿ ಟೈಲರಪ್ಪ ಎದ್ದು ಬಂದು ನನ್ನ ಕರಡನ್ನು ಕೈಗೆತ್ತಿಕೊಂಡರು. ಕರೆದವಳು ನಾನಲ್ಲ.

"ಇದೇನಮ್ಮ, ಎಲ್ಲೂ ಹೊಲಿಗೆ ಕೂತಿಲ್ಲ. ತೋಳೊಂದು ಉದ್ದ, ಒಂದು ಮೋಟು."

"ಹಾಗೇ ಇರ್ಲಿ ಅಂತ ಬಿಟ್ಟಿದೀನಿ."

"ಗಿರಾಕಿ ತಗೊಳ್ಳಲ್ಲ."

"ತಗೊಳ್ದೇ ಇರ್ಲಿ."

"ಹೊಲ್ದಿದ್ದು ನೀನೇ ತಾನೆ? ಮತ್ತೆ ಬಿಚ್ಚು. ನಾಳೆ ಕೂತು ಮತ್ತೆ ಹೊಲಿ," ಎಂದು ಹೋದರು. ಅದನ್ನು ಅಂತ್ಯವೆಂದು ಕರೆಯಲಾಗದು. ಅದು ಅವರ ದಿನಚರಿ.

9

ನಾನು ಮಾಡಿರುವುದು ಇಷ್ಟು. ಕಚೇರಿಯ ಟ್ಯಾಬ್ಲೆಟ್ಟು ವರದಿಯನ್ನು ತೆರೆಯುವುದಿಲ್ಲ. ಆದ್ದರಿಂದ ನಮೂನೆಯ ಕಾಗದದ ಪ್ರತಿ ತೆಗೆದುಕೊಂಡೆ. ‘ಸಿಬ್ಬಂದಿಯ ನಿರ್ಲಕ್ಷ್ಯ’ ಎಂಬುದನ್ನು ಅಡ್ಡಗೆರೆ ಎಳೆದು ಹೊಡೆದು ಹಾಕಿದೆ. ಕೆಳಗೆ ಬರೆದೆ: ‘ಸೂಜಿ ಪರಿಶೀಲಕಿಯ ಕೋಟಿನಲ್ಲಿತ್ತು. ಪರಿಶೀಲಕಿಯನ್ನು ಯಾರೂ ಪರಿಶೀಲಿಸಲಿಲ್ಲ. ಏಳು ನಿಮಿಷ ಎಣಿಕೆ ತಪ್ಪಿದ್ದು ನಿಜ. ಅದು ಪರಿಶೀಲಕಿಗೆ ಟೀ ತರಲು ಹೋದದ್ದರಿಂದ. ಎರಡು ವರ್ಷ ಎಣಿಕೆ ತಪ್ಪದಿದ್ದದ್ದೂ ನಿಜ. ಆ ಎರಡು ವರ್ಷ ಒಬ್ಬರು ಬಾಗಿಲು ಬಡಿಯಲಿಲ್ಲ.’ ಇನ್ನೂರು ಅಕ್ಷರ ಎಂದೋ ದಾಟಿತು. ಅಂಚಿನಲ್ಲಿ ಬರೆದೆ, ಹಿಂದಿನ ಪುಟದಲ್ಲಿ ಬರೆದೆ. ಕಾಗದ ಟುಂಯ್ ಎನ್ನುವುದಿಲ್ಲ. ತಿದ್ದಿದ ಕಡೆಯೆಲ್ಲ ಸಹಿ ಹಾಕಿದೆ. ಸೋಮವಾರ ಹತ್ತು ಗಂಟೆಗೆ ಇದನ್ನು ಹಿಡಿದುಕೊಂಡು, ಕಾಲರಿನಲ್ಲಿ ಸೂಜಿ ಇಟ್ಟುಕೊಂಡು, ಚಿಕ್ಕಮ್ಮನ ಪಕ್ಕದ ಕುರ್ಚಿಯಲ್ಲಿ ಕೂರುತ್ತೇನೆ. ಎದುರಿನ ಕುರ್ಚಿಯಲ್ಲಿ ಕೂರಬೇಕೆಂದು ಮೇಲಧಿಕಾರಿ ಹೇಳಿದ್ದಾರೆ. ಕೂರುವುದಿಲ್ಲ.

ಇನ್ನು ನನಗೆ ಗೊತ್ತಿಲ್ಲದ್ದು. ಟೈಲರಪ್ಪ ಸೂಜಿಯನ್ನು ನನ್ನ ಕಾಲರಿಗೆ ಸಿಕ್ಕಿಸಿದ್ದು ಅಭ್ಯಾಸಬಲದಿಂದಲೋ, ಬುಧವಾರ ನಾನು ತಪ್ಪದೆ ಬರಲೆಂದೋ, ಗೊತ್ತಿಲ್ಲ. ಆ ಏಳು ನಿಮಿಷದಲ್ಲಿ ನನ್ನ ಕೋಟು ಅಲ್ಲಿರದಿದ್ದರೆ ಸೂಜಿ ಫ್ಲಾನೆಲ್ ಪಟ್ಟಿಗೇ ಹೋಗುತ್ತಿತ್ತೋ, ಅಜ್ಜಿಯ ಬಾಯಿಗೆ ಹೋಗುತ್ತಿತ್ತೋ, ಅದೂ ಗೊತ್ತಿಲ್ಲ. ಗೊತ್ತಿದೆಯೆಂದು ಯಾರಾದರೂ ಸೋಮವಾರ ಹೇಳಿದರೆ ನಾನು ನಂಬುವುದಿಲ್ಲ.

ಮೂವತ್ತೊಂದನೇ ಪ್ರಶ್ನೆಯ ಮುಂದೆ, ‘ಹೌದು’ ಮತ್ತು ‘ಇಲ್ಲ’ದ ಪಕ್ಕ, ಸ್ಕೇಲು ಇಟ್ಟು ಮೂರನೇ ಚೌಕವೊಂದನ್ನು ಎಳೆದಿದ್ದೇನೆ. ನಾಲ್ಕೂ ಬದಿ ಸಮವಾಗಿ ಬಂದಿದೆ. ಅದರ ಪಕ್ಕ ಏನೆಂದು ಬರೆಯಬೇಕು ಎಂಬುದು ನನಗೆ ಇನ್ನೂ ತಿಳಿದಿಲ್ಲ.